ಮರದ ಬುಡದ ಕೂಗು

ತೆಂಗಿನ ಮರ ಹತ್ತುವ ಯಂತ್ರಕ್ಕೆ ಮೂರೂವರೆ ಸಾವಿರ, ತಲೆಗೆ ಹೆಲ್ಮೆಟ್ಟು ಆರುನೂರು, ಹೊಸ ಕತ್ತಿಗೆ ನಾನೂರು. ಅಪಘಾತ ವಿಮೆ ಬೇರೆ. ಮರವೊಂದಕ್ಕೆ ಸಿಗುವ ಅರವತ್ತು ರೂಪಾಯಿಯಲ್ಲಿ ನಲವತ್ತು ಹತ್ತಿದವನ ಕೈಗೆ. ಇಷ್ಟೆಲ್ಲ ಕಳೆದರೂ ಒಬ್ಬ ಆಳು ಇಟ್ಟುಕೊಳ್ಳಬಹುದು ಎಂದು ಬಾರ್ಕೂರಿನ ಸೂರನಿಗೆ ತೋರಿತು. ಲೆಕ್ಕಕ್ಕೆ ಸಿಗದ್ದು ಒಂದೇ ಇತ್ತು. ತನ್ನನ್ನು ನಂಬಿದ ಮನೆಗಳಿಗೆ ಕತ್ತಿ ಹಿಡಿದ ಇನ್ನೊಬ್ಬನನ್ನು ಯಾವ ಧೈರ್ಯದ ಮೇಲೆ ಕಳಿಸುವುದು?

ಕಳಿಸದೆ ಉಪಾಯವಿರಲಿಲ್ಲ, ಮೊಣಕಾಲು ಕೈಕೊಟ್ಟಿತ್ತು. ಅವನು ಇಪ್ಪತ್ತು ವರ್ಷದಿಂದ ಕಾಯಿ ಕೊಯ್ಯುತ್ತಿದ್ದ ಮನೆಗಳಲ್ಲಿ ಹಗಲು ಹೊತ್ತು ಹೆಚ್ಚಾಗಿ ಹೆಂಗಸರೇ. ಬಚ್ಚಲು ಹಿತ್ತಲಲ್ಲಿ, ಅದರ ಮೇಲಿನ ಮಾಡು ಅರ್ಧಂಬರ್ಧ. ತೆಂಗಿನ ತುದಿಗೆ ಹೋದವನಿಗೆ ಸುತ್ತಲಿನ ಮನೆಗಳ ಹಿತ್ತಲೆಲ್ಲ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ಅದಕ್ಕೇ ಬುಡದಲ್ಲಿ ನಿಂತು ಗಟ್ಟಿಯಾಗಿ ಕೂಗಿ, ಆ ಮನೆಯಿಂದಲೂ ನೆರೆಮನೆಗಳಿಂದಲೂ "ಹಾಂ, ಹತ್ತಿ" ಎಂಬ ಮಾತು ಬಂದ ಮೇಲಷ್ಟೇ ಕಾಲೆತ್ತುವುದು ಅವನ ಅಪ್ಪನ ಕಾಲದ ಕಟ್ಟಳೆ. ಅದಕ್ಕೆ ಸೂರ ತನ್ನದೊಂದು ಸೇರಿಸಿದ್ದ. ಫೋನನ್ನು ಮನೆಯವರ ಜಗಲಿಯ ಮೇಲಿಟ್ಟೇ ಹತ್ತಬೇಕು. ಕ್ಯಾಮರಾ ಮರದ ತುದಿಗೆ ಹೋಗಕೂಡದು.

ಕೆಲಸಕ್ಕೆ ಬಂದವನು ರತನ್. ಮುಂಬೈಯ ಹೋಟೆಲಿನಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳಿದ್ದ. ಹತ್ತುವುದರಲ್ಲಿ ಅಳಿಲು. ಕೂಗುವುದರಲ್ಲಿ ಸೊಳ್ಳೆ.

"ಹ್ವಾಯ್..." ಎಂದ ಮೊದಲ ಮರದ ಬುಡದಲ್ಲಿ, ತನ್ನ ಅಂಗಿಯ ಗುಂಡಿಗಷ್ಟೇ ಕೇಳುವಂತೆ.

"ಎಂತ ಮರಾಯ, ಮರದ್ ಹತ್ರ ಗುಟ್ಟ್ ಹೇಳ್ತಾ ಇದ್ಯಾ?" ಸೂರ ರೇಗಿಸಿದ.

"ಬೊಂಬಾಯಿ ಹೋಟ್ಲಗೆ ದೊಡ್ ಸ್ವರ ತೆಗ್ದ್ರೆ ಸೇಟ್ ಬೈತಿದ್ದ ಸೂರಣ್ಣ. ನಂಗ್ ನಾಚ್ಕಿ ಆತ್ತ್."

"ನಾಚ್ಕಿ ನಿಂಗ್ ಆದ್ರೆ ಅಡ್ಡಿಲ್ಲ. ಬಚ್ಲಗಿದ್ದರಿಗ್ ಆಪುಕಾಗ."

ಒಂದು ವಾರ ಇಬ್ಬರೂ ಜೊತೆಗೇ ಹೋದರು. ಸೂರ ಕೂಗಿದ, ರತನ್ ಹತ್ತಿದ. ಆದರೆ ಕೇರಿಯ ಹಿರಿಯಾಕೆ ಚಂದ್ರಾವತಿಯವರ ಮನೆಯ ಕಾಯಿ ಕೊಯ್ಯುವ ದಿನವೇ ಸೂರನಿಗೆ ಕುಂದಾಪುರದ ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸುವ ಸರದಿ ಬಂತು. ಚಂದ್ರಾವತಿ ಬೇಡ ಅಂದರೆ ಆ ಕೇರಿಯೇ ಬೇಡ ಅಂದ ಹಾಗೆ. ಒಂದು ತಪ್ಪು ಹೆಜ್ಜೆಗೆ ಇಪ್ಪತ್ತು ವರ್ಷದ ಹೆಸರು ನೀರಿಗೆ ಬಿದ್ದಂತೆಯೇ.

"ಕೂಗ್ದೆ ಹತ್ತುಕಾಗ ಮತ್ತೆ!" ಎಂದು ಬಸ್ಸಿನ ಮೆಟ್ಟಿಲಿನಿಂದಲೇ ಎಚ್ಚರಿಸಿದ.

"ಹತ್ತುದಿಲ್ಲೆ ಸೂರಣ್ಣ. ಎಂತಾರೂ ಒಂದ್ ಮಾಡ್ತೆ," ಎಂದ ರತನ್.

ಆ 'ಎಂತಾರೂ' ಸೂರನಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಬಸ್ಸು ಹೊರಟಿತ್ತು.

ತೆಕ್ಕಟ್ಟೆ ಬರುವಾಗ ಫೋನು ಬಂತು. ರತನ್‌ನ ನಂಬರು. ಎತ್ತಿದರೆ ಚಂದ್ರಾವತಿಯವರ ಸ್ವರ.

"ಸೂರ, ಎಂಥ ಜನ ಕಳ್ಸಿದ್ಯಾ ಮರಾಯ! ಕೇರಿ ಹೆಂಗ್ಸ್ರೆಲ್ಲ ನಮ್ ಅಂಗ್ಳದಗೆ ಬಂದ್ ನಿಂತಿದ್ರ್. ಬೇಗ ಬಾ!"

ಹಿಂದಿನಿಂದ ಗದ್ದಲವೋ ಗದ್ದಲ. ಆಸ್ಪತ್ರೆ ಹಾಳಾಗಲಿ ಎಂದು ಸೂರ ಅಲ್ಲೇ ಇಳಿದು ಎದುರಿನ ಬಸ್ಸು ಹಿಡಿದ. ದಾರಿಯುದ್ದಕ್ಕೂ ಯಾರ ಯಾರ ಮನೆ ಬಾಗಿಲಲ್ಲಿ ನಿಂತು ಏನೇನು ಹೇಳಿ ಕೈಮುಗಿಯಬೇಕು ಎಂದು ಬಾಯಿಪಾಠ ಮಾಡಿಕೊಂಡ.

ಅಂಗಳದಲ್ಲಿ ಹೆಂಗಸರು ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಬೋಗುಣಿ. ಕಾಲಡಿಯಲ್ಲಿ ಬೆಕ್ಕುಗಳು. ನಡುವೆ ತೆಂಗಿನ ಬುಡಕ್ಕೆ ಒರಗಿ, ಮುಖ ಕೆಂಪಗಾಗಿ, ಕೈಯಲ್ಲಿ ಮೀನು ಮಾರುವವರ ರಬ್ಬರು ಹಾರ್ನು ಹಿಡಿದು ರತನ್. ಕೂಗಲು ಆಗದೆ ಅವನು ಸ್ಕೂಟರಿನಲ್ಲಿ ಮೀನು ಮಾರುವ ಗೆಳೆಯ ಪ್ರೇಮಾನಂದನ ಹಾರ್ನು ತಂದು, ಮರದ ಬುಡದಲ್ಲಿ ನಿಂತು 'ಪೋಂ ಪೋಂ' ಅನ್ನಿಸಿದ್ದ. ಮೀನು ಬಾರದೆ ಎರಡು ದಿನವಾಗಿತ್ತು, ಮೀನಿನವನೇ ಬಂದನೆಂದು ಕೇರಿಗೆ ಕೇರಿಯೇ ಓಡಿ ಬಂದಿತ್ತು.

"ಬಂಗ್ಡಿ ಇತ್ತಾ ಕೇಂಡ್ರೆ ತೆಂಗಿನ್ಕಾಯಿ ಇತ್ತ್ ಅಂದ!" ನೆರೆಮನೆಯ ಪದ್ದು ಬೋಗುಣಿ ಬಡಿದಳು. "ನಾ ಮಸಾಲಿ ಅರ್ದ್ ಇಟ್ಟಾಯ್ತ್. ಅದ್ರೊಳ್ಗ್ ಇವ್ನನ್ನೇ ಹಾಕುದಾ?"

ಸೂರನಿಗೆ ಬೇಕಿದ್ದದ್ದು ಒಂದೇ ಮಾತು. "ಚಂದ್ರಕ್ಕ, ಇವ ಮರ ಹತ್ತಿದ್ನಾ?"

"ಎಲ್ಲಿ ಹತ್ತುದ್? ಆಚಿ ಮನಿ ಹೆಣ್ಣ್ ವಿನಯಾ ತಲಿ ತುಂಬ ಸೋಪ್ ಹಾಕ್ಕಂಡೇ ಓಡಿ ಬಂದಿತ್. ಅದ್ ಮಿಂದ್ ಮುಗ್ಸಿ ಬಪ್ಪು ತನ್ಕ ಕಾಲ್ ಎತ್ತುದಿಲ್ಲೆ ಅಂದ್ಕಂಡ್ ಇವ ನೆಲ ಕಾಂತಾ ನಿಂತದ್ದ್, ಈಗ್ಲೂ ನಿಂತೇ ಇದ್ದ."

ಸೂರನಿಗೆ ಹೋದ ಜೀವ ಬಂತು.

"ಜನ ಅಡ್ಡಿಲ್ಲ ಸೂರ," ಎಂದರು ಚಂದ್ರಾವತಿ. "ಆದ್ರೆ ಮೀನಿನ್ ಆಸಿ ಹುಟ್ಸಿ ಕಾಯಿ ತೋರ್ಸುಕಾಗ. ಕೂಗಿದ್ರೆ ಮಾತ್ರ ನಮ್ ಮರ. ಕೂಗ್, ಕಾಂಬ."

"ಹ್ವಾಯ್," ಎಂದ ರತನ್.

"ಬೆಕ್ಕಿಗೂ ಕೇಂಬುದಿಲ್ಲೆ!"

"ಹ್ವಾಯ್!"

"ಆ ನಿನ್ ಸೇಟನ್ನ್ ಬೈದಂಗೆ ಕೂಗ್ ಮರಾಯ!" ಎಂದಳು ಪದ್ದು.

ರತನ್ ಕಣ್ಣು ಮುಚ್ಚಿದ. ಹತ್ತು ವರ್ಷ ನುಂಗಿಕೊಂಡಿದ್ದ ಸ್ವರವೆಲ್ಲ ಒಮ್ಮೆಗೇ ಹೊರಬಿತ್ತು. "ಹ್ವಾಯ್! ನಾ ಮರ ಹತ್ತುತ್ತೆ!" ಕಾಗೆಗಳು ಎದ್ದವು, ಬೆಕ್ಕುಗಳು ಓಡಿದವು. ಗದ್ದೆಯಾಚೆಯ ಯಾವುದೋ ಮನೆಯಿಂದ ಒಂದು ಮುದಿ ದನಿ ಉತ್ತರಿಸಿತು. "ಹಾಂ, ಹತ್ತಿ!"

ಮಿಂದು ಮುಗಿಸಿ ಬಂದ ವಿನಯಾಳೂ ಸೇರಿ ಹೆಂಗಸರು ಬೋಗುಣಿ ಬಡಿದು ನಕ್ಕರು. ಚಂದ್ರಾವತಿ ಮರದ ಕಡೆಗೆ ಕೈ ತೋರಿಸಿದರು. ರತನ್ ಹತ್ತಿದ.

ಸೂರನಿಗೆ ಆಸ್ಪತ್ರೆಯ ಸರದಿ ತಪ್ಪಿತು, ಇನ್ನೊಂದು ವಾರ ಕುಂಟಬೇಕಾಯಿತು. ಸೂರನೇ ಬಾರದಿದ್ದರೆ ಬೇಡ ಎಂದು ಒಂದು ಮನೆಯವರು ಬೇರೆಯವರನ್ನು ಗೊತ್ತುಮಾಡಿಕೊಂಡರು. ಉಳಿದ ಮನೆಗಳೆಲ್ಲ ಉಳಿದವು. ಪದ್ದು ಮತ್ತು ವಿನಯಾ ತಮ್ಮ ಮರಗಳನ್ನೂ ರತನ್‌ಗೆ ಒಪ್ಪಿಸಿದರು.