ಹೆಬ್ಬೆರಳು ಒಪ್ಪದ ಬಾಗಿಲು

ಹೊಸ ಬೀಗ ಕೂರಿಸಲು ಬಂದವನು ಹಳೆಯದನ್ನು ಬಿಚ್ಚಿ ಚಪ್ಪಲಿ ಕಪಾಟಿನ ಮೇಲಿಟ್ಟಾಗ, ಯಾರದೋ ದವಡೆ ಹಲ್ಲನ್ನು ಬೇರು ಸಮೇತ ಕಿತ್ತಿಟ್ಟಂತೆ ಮನೆಗೆಲಸದ ಮಲ್ಸುನ್‌ಗೆ ಕಂಡಿತು. ಆ ಮನೆಯ ಯಜಮಾನಿ ಹಲ್ಲಿನ ಡಾಕ್ಟರು, ಹಾಗಾಗಿ ಹೋಲಿಕೆ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಹಳೆಯ ಬೀಗಕ್ಕೆ ಅಂಕಿಗಳ ಫಲಕವಿತ್ತು. ಮಗು ಸೋಯುಲ್ ಆಸ್ಪತ್ರೆಯಿಂದ ಮನೆಗೆ ಬಂದಂದಿನಿಂದಲೂ ಮಲ್ಸುನ್ ಆ ಅಂಕಿ ಒತ್ತಿಯೇ ಒಳಗೆ ಬಂದವಳು. ಕೆಲವೊಮ್ಮೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒತ್ತಿದ್ದಳು, ಕೆಲವೊಮ್ಮೆ ಎರಡೂ ಕೈಯಲ್ಲಿ ಈರುಳ್ಳಿ ಸೊಪ್ಪಿನ ಕಟ್ಟು ಹಿಡಿದು ಮೂಗಿನ ತುದಿಯಿಂದ ಒತ್ತಿದ್ದಳು. ಮಗು ಹುಟ್ಟಿದ ದಿನವೇ ಆ ಅಂಕಿ. ಅದು ಮಗುವಿನ ಸ್ವಂತ ಅಜ್ಜಿಗೆ ಗೊತ್ತಿತ್ತು, ನೀರಿನ ಫಿಲ್ಟರ್ ಬದಲಿಸಲು ಬರುವವಳಿಗೂ ಗೊತ್ತಿತ್ತು, ಹಿತ್ತಲ ಬಾಲ್ಕನಿಗೆ ಅಕ್ಕಿ ಮೂಟೆ ಇಳಿಸಿ ಹೋಗುವವನಿಗೂ ಗೊತ್ತಿತ್ತು.

"ಅದೇ ತೊಂದ್ರೆ ಚಿಕ್ಕಮ್ಮ" ಎಂದಳು ಸೋಯುಲ್‌ಳ ಅಮ್ಮ. "ಊರಿಗೆಲ್ಲ ಗೊತ್ತಿರೋ ನಂಬರು ಬೀಗ ಹೇಗಾಗತ್ತೆ? ಇನ್ಮೇಲೆ ಬೆರಳಿಟ್ರೆ ಸಾಕು. ಕ್ಲಿನಿಕ್ಕಲ್ಲಿ ಕೂತ್ಕೊಂಡೇ ನಾನು ಬಾಗ್ಲು ತೆಗೀಬಹುದು. ಮಗು ಮನೆ ಸೇರ್ತೋ ಇಲ್ವೋ ಅಂತ ಫೋನೇ ಹೇಳತ್ತೆ. ಯಾರ್ ಬಂದ್ರು, ಯಾರ್ ಹೋದ್ರು, ಎಲ್ಲ."

ಮಲ್ಸುನ್‌ಗೂ ಒಳ್ಳೆಯದೇ ಅನಿಸಿತು. ಕಳೆಯಲು ಕೀಲಿಕೈ ಇಲ್ಲ, ಮರೆಯಲು ಅಂಕಿ ಇಲ್ಲ. ಅರವತ್ತು ದಾಟಿದವಳಿಗೆ ಮರೆವಿನ ಭಯ ಸಾವಿನ ಭಯಕ್ಕಿಂತ ದೊಡ್ಡದು. ಬೆರಳನ್ನು ಮರೆತು ಮನೆಯಲ್ಲಿ ಬಿಟ್ಟು ಬರುವುದಂತೂ ಸಾಧ್ಯವಿಲ್ಲ.

ಮೊದಲು ಸೋಯುಲ್‌ಳ ಅಮ್ಮ ಬೆರಳಿಟ್ಟಳು. ಬೀಗ ಒಂದು ಪುಟ್ಟ ರಾಗ ಹಾಡಿತು. ಆಮೇಲೆ ಯೆದಾಮ್ ಇಟ್ಟಳು. ಮತ್ತೆ ಅದೇ ರಾಗ.

ಯೆದಾಮ್ ಈ ಮನೆಗೆ ಬಂದು ಒಂದು ಋತು ಕಳೆದಿತ್ತಷ್ಟೆ. ಆಗತಾನೇ ಕಾಲೇಜು ಮುಗಿಸಿದ ಹುಡುಗಿ. ಶಿಶುವಿಹಾರದ ಹಳದಿ ಬಸ್ಸಿನಿಂದ ಸೋಯುಲ್‌ಳನ್ನು ಇಳಿಸಿಕೊಂಡು, ಇಂಗ್ಲಿಷಿನಲ್ಲಿ ಆಡಿಸುತ್ತ ಮನೆಗೆ ಕರೆತಂದು, ಅಮ್ಮ ಬರುವವರೆಗೆ ಜೊತೆಗಿರುವುದು ಅವಳ ಕೆಲಸ. ಅವಳು ಬರುವ ಮೊದಲು ಆ ಬಸ್ಸಿನ ಬಳಿ ನಿಲ್ಲುತ್ತಿದ್ದವಳು ಮಲ್ಸುನ್. ಮಗು ಮೆಟ್ಟಿಲಿಂದ ಹಾರಿ ಬಂದು ಅವಳ ಹೊಟ್ಟೆಗೆ ತಲೆಯಿಂದ ಗುದ್ದುತ್ತಿತ್ತು. ಈಗ ಆ ಗುದ್ದು ಯೆದಾಮ್‌ಳ ಪಾಲು. ಮಲ್ಸುನ್‌ಳ ಪಾಲಿಗೆ ಒಲೆ, ಬಚ್ಚಲು, ಬಟ್ಟೆ ಉಳಿದವು.

ಕರೆಯುವ ಬಗೆಯೂ ಬೇರೆ. ಯೆದಾಮ್ ಬಂದ ದಿನದಿಂದಲೇ 'ಟೀಚರ್'. ಮಲ್ಸುನ್ 'ಚಿಕ್ಕಮ್ಮ'. ಸಿಯೋಲ್ ನಗರದಲ್ಲಿ ಹೆಂಗಸೊಬ್ಬಳು ಬೇರೆಯವರ ಮನೆಯ ಪಾತ್ರೆಗೆ ಕೈಹಾಕಿದ ಗಳಿಗೆಯಿಂದ ಅವಳು ಎಲ್ಲರಿಗೂ ಚಿಕ್ಕಮ್ಮ. ಆದರೆ ಹಾಗೆ ಕರೆದವರು ಯಾರೂ ಹಬ್ಬದ ದಿನ ಅವಳನ್ನು ಊಟಕ್ಕೆ ಕರೆಯುವುದಿಲ್ಲ. ರಕ್ತಸಂಬಂಧದ ಒಂದು ಪದವನ್ನು ಮುಂದಿಟ್ಟು ದುಡಿಮೆಯ ಹೆಸರನ್ನು ಹಿಂದಕ್ಕೆ ಸರಿಸಿಬಿಡುವ ಈ ಜಾಣತನ ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಕರೆಯುವವರಿಗೂ ನೋಯುವುದಿಲ್ಲ, ಕರೆಸಿಕೊಳ್ಳುವವರಿಗೂ ನೋಯಬಾರದೆಂದು ರೂಢಿ.

ಕೊನೆಗೆ ಮಲ್ಸುನ್‌ಳ ಸರದಿ ಬಂತು. ಏಪ್ರನ್‌ಗೆ ಕೈ ಒರೆಸಿ ಹೆಬ್ಬೆರಳಿಟ್ಟಳು. ಬೀಗ ಹಾಡಲಿಲ್ಲ. ಒರಟಾಗಿ ಒಮ್ಮೆ ಗೊಣಗಿತು.

"ಸ್ವಲ್ಪ ಒತ್ತಿ ಹಿಡೀರಿ" ಎಂದ ಕೂರಿಸುವವನು.

ಒತ್ತಿದಳು. ಗೊಣಗಿತು. ತೋರುಬೆರಳು, ನಡುಬೆರಳು, ಎಡಗೈ, ಕೊನೆಗೆ ಕಿರುಬೆರಳು. ಅವನು ಅವಳ ಕೈಯನ್ನು ದೀಪದ ಕಡೆ ತಿರುಗಿಸಿ ನೋಡಿದ. "ಗೆರೆಗಳೇ ಇಲ್ವಲ್ಲ. ಎಲ್ಲಾ ಸವೆದು ಹೋಗಿದೆ. ಇದಕ್ಕೆ ಗೆರೆ ಬೇಕು."

ಈ ದೇಶದಲ್ಲಿ ಹದಿನೇಳು ತುಂಬಿದವರೆಲ್ಲ ಹತ್ತೂ ಬೆರಳಿಗೆ ಶಾಯಿ ಬಳಿದುಕೊಂಡು ಸರ್ಕಾರಕ್ಕೆ ಅಚ್ಚು ಕೊಟ್ಟಿದ್ದೇವೆ. ಮಲ್ಸುನ್ ಕೂಡ ಕೊಟ್ಟಿದ್ದಳು. ಆ ಅಚ್ಚು ಎಲ್ಲೋ ಒಂದು ಕಡತದಲ್ಲಿ ಹದಿನೇಳರ ಪ್ರಾಯದಲ್ಲೇ ಉಳಿಯಿತು. ಬೆರಳು ಮಾತ್ರ ಪರರ ಮನೆಯ ಉಪ್ಪಿನಕಾಯಿಗೆ ಕೋಸು ನೆನೆಸುವ ಉಪ್ಪಿನಲ್ಲಿ, ಬಚ್ಚಲು ತೊಳೆಯುವ ಬ್ಲೀಚ್ ನೀರಿನಲ್ಲಿ, ಕರಿದ ಬಾಣಲೆಯ ತಳದಲ್ಲಿ ಕರಗಿಹೋಯಿತು. ವಾರ್ಡ್ ಕಚೇರಿಯಲ್ಲಿ ಬೆರಳು ನೋಡಿ ಪ್ರಮಾಣಪತ್ರ ಕೊಡುವ ಯಂತ್ರವೂ ಹಿಂದೊಮ್ಮೆ ಅವಳನ್ನು ಅವಳೇ ಅಲ್ಲ ಅಂದಿತ್ತು. ದುಡಿದು ಸವೆದವರನ್ನು ಗುರುತಿಸದ ಯಂತ್ರಗಳನ್ನು ಜಾಣ ಯಂತ್ರಗಳು ಎಂದು ಮಾರುತ್ತಾರೆ.

"ಪರವಾಗಿಲ್ಲ ಚಿಕ್ಕಮ್ಮ" ಎಂದಳು ಸೋಯುಲ್‌ಳ ಅಮ್ಮ. "ದಿನಾ ಬೆಳಿಗ್ಗೆ ನಿಮ್ಮ ಫೋನಿಗೆ ಒಂದು ನಂಬರು ಕಳಿಸ್ತೀನಿ. ಒಂದೇ ಸಲ ಕೆಲಸ ಮಾಡತ್ತೆ. ಸೇಫು."

ಯಾರಿಗೆ ಯಾರಿಂದ ಸೇಫು ಎಂದು ಮಲ್ಸುನ್ ಕೇಳಲಿಲ್ಲ. ಅವಳು ಯೆದಾಮ್‌ಳ ಬೆರಳನ್ನೇ ನೋಡುತ್ತಿದ್ದಳು. ಉಗುರಿಗೆ ತೆಳು ಗುಲಾಬಿ ಬಣ್ಣ. ತುದಿ ಹಸುಗೂಸಿನ ಕೆನ್ನೆಯಂತೆ ನುಣುಪು.

ಒಂದೇ ಸಲ ತೆರೆಯುವ ಅಂಕಿಯ ಕಷ್ಟ ಮೊದಲ ದಿನವೇ ಗೊತ್ತಾಯಿತು. ಮಧ್ಯಾಹ್ನ ಊಟದ ಎಂಜಲು ಬಕೆಟ್ಟು ಸುರಿಯಲು ಕೆಳಗೆ ಹೋಗಬೇಕು. ಹೋದರೆ ಮತ್ತೆ ಒಳಗೆ ಬರಲಾಗದು. ಬಾಗಿಲಿಗೆ ಚಪ್ಪಲಿ ಅಡ್ಡ ಇಟ್ಟು ಹೋದಳು. ಅಂಗಳ ಮುಟ್ಟುವ ಮೊದಲೇ ಫೋನು ಬಂತು.

"ಚಿಕ್ಕಮ್ಮ, ಬಾಗ್ಲು ತೆರೆದೇ ಇದೆ ಅಂತ ತೋರಿಸ್ತಿದೆ. ಹಾಗೆಲ್ಲ ಬಿಡಬೇಡಿ. ಹಾಕ್ಕೊಂಡು ಹೋಗಿ, ಬಂದ್ಮೇಲೆ ಫೋನ್ ಮಾಡಿದ್ರೆ ಇಲ್ಲಿಂದ್ಲೇ ತೆಗೆದು ಕೊಡ್ತೀನಿ. ಈಗ ಪೇಷೆಂಟ್ ನೋಡ್ತಿದೀನಿ."

ಮಾರನೆಯ ದಿನ ಬಾಗಿಲು ಹಾಕಿಕೊಂಡೇ ಹೋದಳು. ಖಾಲಿ ಬಕೆಟ್ಟು ಹಿಡಿದು ಕಾವಲು ಗೂಡಿನ ಪಕ್ಕ ನಿಂತಳು. ಡಾಕ್ಟರು ಫೋನು ಎತ್ತಲಿಲ್ಲ. ಕಾವಲುಗಾರ ಪ್ಯೋ ಹೊರಗೆ ತಲೆಹಾಕಿದ.

"ಏನ್ ಮಲ್ಸುನ್, ಬಾಗ್ಲು ಕಾಯೋ ಕೆಲಸ ನಂದು. ನನ್ನ ಹೊಟ್ಟೆಗೆ ಕಲ್ಲು ಹಾಕೋಕೆ ಬಂದ್ಯಾ?"

"ನಿನ್ನ ಕೆಲಸ ಯಾರಿಗ್ ಬೇಕಯ್ಯ. ಕೂತು ಕೂತು ಕುಂಡಿ ಸವೀತದೆ."

"ಸವೀಲಿ ಬಿಡು. ನಿನ್ನ ಬೆರಳಿನ ಹಾಗೆ ಅದನ್ನ ಯಾರೂ ಪರೀಕ್ಷೆ ಮಾಡಲ್ಲ."

ಆಗ ಹಳದಿ ಬಸ್ಸು ಬಂತು. ಸೋಯುಲ್ ಇಳಿದು ಯೆದಾಮ್‌ಳ ಹೊಟ್ಟೆಗೆ ಗುದ್ದಿದಳು. ಮಲ್ಸುನ್ ಅಲ್ಲೇ ಇದ್ದಾಳೆಂದು ಮಗು ನೋಡಿದ್ದು ಆಮೇಲೆ.

"ಅಯ್ಯೋ, ಹೊರಗೇ ಇದೀರಾ?" ಎಂದಳು ಯೆದಾಮ್. "ಬನ್ನಿ, ನಾನ್ ತೆಗೀತೀನಿ."

ಅವಳು ಒಳ್ಳೆಯ ಮಾತೇ ಆಡಿದ್ದಳು. ಮಲ್ಸುನ್‌ಗೆ ಉರಿದದ್ದೂ ಅದಕ್ಕೇ. ಲಿಫ್ಟಿನಲ್ಲಿ ಎಂಜಲು ಬಕೆಟ್ಟು ಹಿಡಿದು ಅವರಿಬ್ಬರ ಹಿಂದೆ ನಿಂತಳು. ಯೆದಾಮ್ ಬೆರಳಿಟ್ಟಳು, ರಾಗ ಬಂತು.

"ಟೀಚರ್ ಬೆರಳಲ್ಲಿ ಮ್ಯಾಜಿಕ್ ಇದೆ. ಅಜ್ಜಿ ಬೆರಳು ಕೆಟ್ಟೋಗಿದೆ" ಎಂದಿತು ಮಗು. ಮಲ್ಸುನ್‌ಳನ್ನು ಅದು ಕರೆಯುತ್ತಿದ್ದುದು ಅಜ್ಜಿ ಎಂದೇ.

"ಹಾಗನ್ಬಾರ್ದು ಪುಟ್ಟಿ" ಎಂದಳು ಯೆದಾಮ್, ನಗು ತಡೆದುಕೊಂಡು.

ಆ ತಡೆದ ನಗುವನ್ನು ಮಲ್ಸುನ್ ಮನೆಗೆ ಒಯ್ದಳು. ವಿಮಾನ ನಿಲ್ದಾಣದ ಬಳಿಯ ಶಿನ್ವೋಲ್‌ನಲ್ಲಿದ್ದ ಅವಳ ನೆಲಮಾಳಿಗೆಯ ಕೋಣೆಯ ಮೇಲೆ ವಿಮಾನಗಳು ಕಿಟಕಿ ನಡುಗಿಸಿ ಇಳಿಯುತ್ತಿದ್ದವು. ಸದ್ದು ನಿಂತಾಗಲೆಲ್ಲ ಆ ನಗು ಕೇಳುತ್ತಿತ್ತು. ಆ ಮಗುವಿಗೆ ಮೊದಲ ಗಂಜಿ ಉಣಿಸಿದವಳು ನಾನು, ಜ್ವರದಲ್ಲಿ ಎದೆಯ ಮೇಲೆ ಮಲಗಿಸಿಕೊಂಡವಳು ನಾನು. ನಿನ್ನೆ ಬಂದ ಗುಲಾಬಿ ಉಗುರಿನವಳ ಹಿಂದೆ ಎಂಜಲು ಬಕೆಟ್ಟು ಹಿಡಿದು ನಾನು ಒಳಗೆ ಹೋಗಬೇಕೆ? ಡಾಕ್ಟರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಡಾಕ್ಟರು ಕೈಗೆ ಸಿಗದಷ್ಟು ಎತ್ತರದಲ್ಲಿದ್ದರು, ಯೆದಾಮ್ ಪಕ್ಕದಲ್ಲೇ ಇದ್ದಳು. ಕೆಳಗಿನವರ ಹೊಟ್ಟೆಕಿಚ್ಚು ಪಕ್ಕಕ್ಕೆ ಉರಿಯುತ್ತದೆ, ಮೇಲಕ್ಕೆ ಉರಿಯುವುದಿಲ್ಲ. ಮೇಲಿನವರು ನಿಶ್ಚಿಂತೆಯಿಂದ ನಿದ್ದೆ ಮಾಡುವುದು ಇದೇ ಭರವಸೆಯಲ್ಲಿ.

ಚಳಿ ಬಲಿಯುತ್ತಿದ್ದಂತೆ ಇನ್ನೊಂದು ಶುರುವಾಯಿತು. ಮಗು ಬರುವುದು ತಡವಾಗತೊಡಗಿತು. ಬಂದರೆ ತುಟಿಯ ಸುತ್ತ ಕೆಂಪು. ಬೀದಿಯ ಗಾಡಿಯಲ್ಲಿ ಖಾರದ ಗಸಿಯಲ್ಲಿ ಕುದಿಸಿ ಮಾರುವ ಅಕ್ಕಿ ಕಡುಬು, ತೊಕ್ಬೊಕ್ಕಿ. ಅದು ಈ ಮನೆಯಲ್ಲಿ ನಿಷಿದ್ಧ. ಮಲ್ಸುನ್ ಕಡಲ ಸೊಪ್ಪಿನ ಸಾರು ಮುಂದಿಟ್ಟರೆ ಸೋಯುಲ್ ಬಟ್ಟಲು ತಳ್ಳಿದಳು.

"ಬೇಡ. ಹೊಟ್ಟೆ ತುಂಬಿದೆ. ಟೀಚರ್ ತಿನ್ಸಿದ್ದೇ ಚೆನ್ನಾಗಿತ್ತು."

"ಶ್, ಅದು ನಮ್ಮಿಬ್ರ ಗುಟ್ಟು ಅಲ್ವಾ" ಎಂದಳು ಯೆದಾಮ್, ಮಗುವಿನ ಕಿವಿಯಲ್ಲಿ.

ಇಬ್ಬರ ಗುಟ್ಟು. ಈ ಮಗುವಿನ ಜೊತೆ ಗುಟ್ಟು ಇಟ್ಟುಕೊಳ್ಳುವ ಹಕ್ಕು ಇಷ್ಟು ದಿನ ಒಬ್ಬಳದೇ ಆಗಿತ್ತು. ಸಂಜೆ ಡಾಕ್ಟರು ಬಂದು ಕೋಟು ಕಳಚುತ್ತಿರುವಾಗ ಮಲ್ಸುನ್ ಸಾರಿನ ಪಾತ್ರೆ ಉಜ್ಜುತ್ತಲೇ, ತಲೆ ಎತ್ತದೆ ಹೇಳಿದಳು.

"ಸೋಯುಲ್ ಅಮ್ಮ, ಯಾರ್ ಯಾವಾಗ ಬಂದ್ರು ಅಂತ ನಿಮ್ಮ ಫೋನಲ್ಲಿ ಬರತ್ತೆ ಅಂದ್ರಲ್ಲ. ಒಂದ್ಸಲ ನೋಡಿ. ಬಸ್ಸು ಬರೋದೆಷ್ಟೊತ್ತಿಗೆ, ಮಗು ಬರೋದೆಷ್ಟೊತ್ತಿಗೆ ಅಂತ. ನಾನೇನೂ ಹೇಳಲ್ಲಪ್ಪ."

ಡಾಕ್ಟರು ಫೋನು ತೆಗೆದು ಬೆರಳಾಡಿಸಿದರು. ಬೈಗುಳ ಬೀಳುತ್ತದೆ, ಗುಲಾಬಿ ಉಗುರಿನವಳು ಒಂದು ದಿನ ಮುಖ ಇಳಿಸಿಕೊಂಡು ಓಡಾಡುತ್ತಾಳೆ ಎಂದುಕೊಂಡು ಮಲ್ಸುನ್ ಅಂದು ವಿಮಾನದ ಸದ್ದಿನಲ್ಲೂ ಚೆನ್ನಾಗಿ ನಿದ್ದೆ ಮಾಡಿದಳು.

ಮಾರನೆಯ ಮಧ್ಯಾಹ್ನ ಅವಳು ಸಾರಿಗೆ ಎಳ್ಳೆಣ್ಣೆ ಬಿಡುತ್ತಿರುವಾಗ ಫೋನು ಬಂತು.

"ಚಿಕ್ಕಮ್ಮ, ಟೀಚರ್ ಬೆರಳನ್ನ ಬೀಗದಿಂದ ತೆಗೆದುಹಾಕಿದೀನಿ. ಇವತ್ತಿಗೆ ಮುಗೀತು. ಬಾಗ್ಲಲ್ಲಿ ಮಗೂನ ಮಾತ್ರ ಒಳಗೆ ಕರ್ಕೊಳಿ. ಅವರ ಸಾಮಾನು ಪಾರ್ಸಲ್ ಮಾಡಿದ್ರಾಯ್ತು."

"ಆ ಹುಡುಗಿಗೆ ಹೇಳಿದೀರಾ?"

"ಬೀಗ ಹೇಳತ್ತಲ್ಲ. ನನಗೆ ಈ ಮುಖಾಮುಖಿ ಎಲ್ಲ ಆಗಲ್ಲ. ಅಂದ ಹಾಗೆ, ಬುಧವಾರ ನೀವೂ ಬೇಗ ಹೋಗ್ತೀರ. ಅದೂ ತೋರಿಸ್ತಿದೆ. ಆಮೇಲೆ ಮಾತಾಡೋಣ."

ಬುಧವಾರ ಅವಳು ಹೋಗುವುದು ಮಂಡಿಗೆ ಸೂಜಿ ಚುಚ್ಚಿಸಿಕೊಳ್ಳಲು. ಕೆಲಸವೆಲ್ಲ ಮುಗಿಸಿಯೇ ಹೋಗುವುದು. ಹಾಗೆಂದು ಹೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಆದರೂ ಅವಳಿಗೆ ಸಂತೋಷವಾಯಿತು. ಮುಚ್ಚಿಡುವುದೇಕೆ? ನಾಳೆಯಿಂದ ಹಳದಿ ಬಸ್ಸಿನ ಬಳಿ ನಿಲ್ಲುವವಳು ತಾನೇ. ಸಾರು ಬಟ್ಟಲಿಗೆ ಬಡಿಸಿ, ಮಗುವಿನ ಚಮಚ ಇಟ್ಟಳು.

ಲಿಫ್ಟು ನಿಂತ ಸದ್ದಾಯಿತು. ಮಗುವಿನ ನಗು ಕೇಳಿತು. ಬೀಗ ಗೊಣಗಿತು. ಬಾಗಿಲ ಹೊರಗಿನವರನ್ನು ತೋರಿಸುವ ಗೋಡೆಯ ಪರದೆಯಲ್ಲಿ ಯೆದಾಮ್‌ಳ ಮುಖ ಮೂಡಿತ್ತು. ಬೆರಳನ್ನು ಕೋಟಿಗೆ ಒರೆಸಿ, ಬಾಯಿಂದ ಬಿಸಿ ಗಾಳಿ ಊದಿ, ಮತ್ತೆ ಇಟ್ಟಳು.

"ಕೈ ತಣ್ಣಗಾಗಿದೆ ಕಣೇ ಪುಟ್ಟಿ, ಅದಕ್ಕೇ" ಎಂದಳು ಮಗುವಿಗೆ. ಇನ್ನೊಂದು ಬೆರಳಿಟ್ಟಳು. ಎಡಗೈಯದನ್ನೂ ಇಟ್ಟಳು. ಆಮೇಲೆ ಬಾಗಿಲಿಗೇ, ಹಿರಿಯರಿಗೆ ಹೇಳುವಂತೆ ತಲೆ ಬಗ್ಗಿಸಿ, "ಕ್ಷಮಿಸಿ, ಇನ್ನೊಂದೇ ಸಲ" ಅಂದಳು.

ಮಲ್ಸುನ್ ಒಳಗೆ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಳು. ತೆರೆಯಲಿಲ್ಲ. ನೋಡುತ್ತ ನಿಲ್ಲುವುದರಲ್ಲಿ ಒಂದು ರುಚಿಯಿತ್ತು. ನಾಲಿಗೆಯ ಮೇಲೆ ಅದು ಕರಗುವವರೆಗೆ ನಿಂತಳು.

ಬೀಗ ಕಿರುಚಿಕೊಂಡಿತು. ಕಳ್ಳರು ಬಂದಾಗ ಹೊಡೆದುಕೊಳ್ಳುವ ಗಂಟೆ ಅದು. ಮಗು ಹೆದರಿ ಅತ್ತಿತು. ಎದುರು ಮನೆಯ ಬಾಗಿಲು ಸಂದಿಯಷ್ಟು ತೆರೆಯಿತು. ಗಂಟೆ ನಿಂತಮೇಲೆ ಬೀಗದ ಸ್ಪೀಕರಿನೊಳಗಿಂದ, ಕ್ಲಿನಿಕ್ಕಿನಲ್ಲಿದ್ದ ಡಾಕ್ಟರ ಧ್ವನಿ ಬಂತು, ಬಾಯಿ ತೆರೆಯಿರಿ ಎಂದು ರೋಗಿಗೆ ಹೇಳುವ ಅದೇ ತಣ್ಣನೆಯ ಮರ್ಯಾದೆಯಲ್ಲಿ.

"ಟೀಚರ್, ಇವತ್ತಿಂದ ಬರೋದು ಬೇಡ. ಮಗೂನ ಅಲ್ಲೇ ಬಿಟ್ಟು ಹೊರಡಿ. ಚಿಕ್ಕಮ್ಮ ಒಳಗಿದಾರೆ."

"ನಾನೇನ್ ಮಾಡ್ದೆ ಅಂತ ಹೇಳಿ" ಎಂದಳು ಯೆದಾಮ್.

ಅವಳು ಮರದ ಹಲಗೆಯನ್ನು, ಕಪ್ಪು ಗಾಜಿನ ಚೂರನ್ನು, ಹಿಡಿಯನ್ನು ಒಂದೊಂದಾಗಿ ನೋಡಿದಳು, ಯಾವುದರ ಮುಖ ನೋಡಿ ಕೇಳಬೇಕೆಂದು ತಿಳಿಯದವಳಂತೆ. ಎದುರು ಮನೆಯ ಸಂದಿ ಇನ್ನೂ ನೋಡುತ್ತಿತ್ತು. ಹುಡುಗಿಯ ಕಿವಿಗಳು ಕೆಂಪಾದವು.

ಮಲ್ಸುನ್‌ಳ ಬಾಯಿಯ ರುಚಿ ಕಹಿಯಾಯಿತು. ಈ ಹುಡುಗಿ ಕೆಳಗಿಳಿದುಹೋದರೆ ಅದು ತಾನು ಗೆದ್ದಂತಲ್ಲ. ನಾಳೆ, ಇಲ್ಲವೇ ಬುಧವಾರದ ಮಾತು ಮುಗಿದ ಮಾರನೆಯ ದಿನ, ಇದೇ ಹಲಗೆಯ ಮುಂದೆ ತನ್ನ ಕಿವಿ ಕೆಂಪಾಗುವುದು.

ಹಿಡಿ ತಿರುಗಿಸಿದಳು. ಒಳಗಿನಿಂದ ತೆರೆಯುವವರ ಬೆರಳನ್ನು ಬೀಗ ಕೇಳುವುದಿಲ್ಲ.

ಮಗು ಯೆದಾಮ್‌ಳ ಕೋಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿತ್ತು.

"ಇಬ್ರೂ ಒಳಗೆ ಬನ್ನಿ. ಚಳೀಲಿ ನಿಂತು ಯಾರಿಗ್ ತೋರಿಸ್ತೀರ."

"ಚಿಕ್ಕಮ್ಮ" ಎಂದಿತು ಬಾಗಿಲು, "ಮಗು ಮಾತ್ರ ಅಂದೆ."

"ಕೇಳಿಸ್ತು. ಇವಳಿಗೆ ಹೇಳೋದಿದ್ರೆ ಮನೆಗೆ ಬಂದು ಮುಖ ನೋಡಿ ಹೇಳಿ. ಅಲ್ಲೀವರೆಗೂ ಇಲ್ಲೇ ಕೂತಿರ್ತಾಳೆ."

"ನಿಮಗೆ ನಾಳೆ ನಂಬರು ಬೇಕೋ ಬೇಡ್ವೋ?"

"ಅದನ್ನೂ ಮುಖ ನೋಡೇ ಹೇಳಿ, ಸೋಯುಲ್ ಅಮ್ಮ. ನಾನೂ ಇಲ್ಲೇ ಕೂತಿರ್ತೀನಿ."

ಬಾಗಿಲು ಮುಚ್ಚಿದಳು. ಅಡುಗೆಮನೆಯಲ್ಲಿ ಯೆದಾಮ್ ನಿಂತೇ ಇದ್ದಳು.

"ನೀವೇ ಹೇಳಿದ್ರಾ, ಚಿಕ್ಕಮ್ಮ?"

"ಹೂಂ. ನಾನೇ ಚಾಡಿ ಹೇಳಿದ್ದು. ಚಿಕ್ಕಮ್ಮ ಅನ್ಬೇಡ. ನನ್ನ ಹೆಸರು ಮಲ್ಸುನ್. ಕೂತ್ಕೊ, ಸಾರು ಆರಿಹೋಗತ್ತೆ. ಬೈಯೋದಿದ್ರೆ ಉಂಡು ಬೈ."

ಯೆದಾಮ್ ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಕೋಟು ಕಳಚದೆ ಕುರ್ಚಿಯ ತುದಿಯಲ್ಲಿ ಕೂತಳು. ಸೋಯುಲ್ ಅವಳ ತೊಡೆಯೇರಿ, ಟೀಚರ್ ಕೈಯಿಂದಲೇ ಉಣ್ಣುತ್ತೇನೆಂದು ಹಟ ಹಿಡಿದಳು. ಮಲ್ಸುನ್‌ಗೆ ಹೊಟ್ಟೆಯೊಳಗೆ ಮತ್ತೆ ಉರಿಯಿತು, ನಿನ್ನೆಯಷ್ಟೇ ಉರಿಯಿತು. ಚಮಚವನ್ನು ಯೆದಾಮ್‌ಳ ಕಡೆ ತಳ್ಳಿದಳು. ಎದುರಿನ ಕುರ್ಚಿ ಎಳೆದು ಕೂತಳು. ಆ ಮೇಜನ್ನು ಇಷ್ಟು ವರ್ಷ ಒರೆಸಿದವಳು ಅದರ ಮುಂದೆ ಕೂತದ್ದು ಅದೇ ಮೊದಲು.