ಇನ್ನೊಮ್ಮೆ ಎನ್ ಫೋರ್

ಜಪಾನಿ ಭಾಷೆಯ ಪರೀಕ್ಷೆಗೆ ಹೆಸರು ಕೊಡಲು ಅಂದೇ ಕೊನೆಯ ದಿನ. ವಿಜಯನಗರದ ಮನೆಯ ನಡುಮನೆಯಲ್ಲಿ ವಚನಾ ಲ್ಯಾಪ್‌ಟಾಪ್ ತೆರೆದು, "ಚಿಕ್ಕಮ್ಮ, ನಿಂಗೆ ಎನ್ ತ್ರೀ ತಾನೇ?" ಎಂದಳು.

ಮಧ್ಯಾಹ್ನದ ಧಾರಾವಾಹಿ ಬಿಟ್ಟು ಚಿಕ್ಕಮ್ಮ ಮಂಗಳಾ, ವಚನಾಳ ತಾಯಿ ಗಿರಿಜಾ, ಓರಗಿತ್ತಿಯರಿಬ್ಬರೂ ಹಠಕ್ಕೆ ಬಿದ್ದು ಕಲಿತ ಭಾಷೆ ಅದು. ಅಂಕಿ ಇಳಿದಂತೆ ಕಷ್ಟ ಏರುವ ಪರೀಕ್ಷೆ. ಎನ್ ಫೈವ್ ಇಬ್ಬರೂ ದಾಟಿದರು. ಎನ್ ಫೋರ್‌ನಲ್ಲಿ ಮಂಗಳಾ ಪಾಸಾದಳು, ಗಿರಿಜಾ ಫೇಲಾದಳು.

"ನೀನು ಮುಂದಕ್ಕೆ ಹೋಗು ಕಣೇ, ನನ್ನ ತಲೆಲಿ ಬರೀ ಉಪ್ಪಿಟ್ಟು ತುಂಬಿದೆ" ಎಂದು ಗಿರಿಜಾ ನಕ್ಕಿದ್ದಳು.

"ನೀವು ಪಾಸಾಗೋವರೆಗೂ ನಾನು ಹೋಗಲ್ಲ ಅಕ್ಕ" ಎಂದಿದ್ದಳು ಮಂಗಳಾ.

ಮರುಪರೀಕ್ಷೆ ಬರುವ ಮುಂಚೆಯೇ ಗಿರಿಜಾ ತೀರಿಕೊಂಡಳು.

"ಎನ್ ಫೋರೇ ಹಾಕು" ಎಂದಳು ಮಂಗಳಾ.

"ಅಯ್ಯೋ, ಪಾಸಾಗಿರೋದನ್ನ ಯಾರಾದ್ರೂ ಮತ್ತೆ ಬರೀತಾರಾ? ಕ್ಲಾಸಲ್ಲಿ ಎಲ್ರೂ ನಗ್ತಾರೆ."

"ನಗಲಿ ಬಿಡು. ನಿಮ್ಮಮ್ಮನ್ನ ಅಲ್ಲಿ ಒಬ್ಬಳನ್ನೇ ಬಿಟ್ಟು ಹೆಂಗೆ ಹೋಗ್ಲಿ? ಇದೊಂದ್ಸಲ ಬರೀತೀನಿ ಕಣೇ. ಆಮೇಲೆ ಹೋಗ್ತೀನಿ."

ವಚನಾ ಎನ್ ಫೋರ್ ಒತ್ತಿದಳು. ಆಮೇಲೆ ಲ್ಯಾಪ್‌ಟಾಪ್ ಬದಿಗೆ ಸರಿಸಿ, ತಾಯಿಯನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಹುಡುಗಿ, ಚಿಕ್ಕಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು.