ಟಾಡ್ಲರ್ ರೂಮಲ್ಲಿ ಹಾಥ್ ಬೋಶಿ

ಆ ಸೋಮವಾರ ಬೆಳಗ್ಗೆ ಶೋಷನಾ ಚೈಲ್ಡ್‌ಕೇರ್ ಸೆಂಟರ್‌ನ ಟಾಡ್ಲರ್ ರೂಮ್ ಬಾಗಿಲು ತೆಗೆದವಳು ಹಾಗೇ ಕಲ್ಲಾಗಿ ನಿಂತ್ಬಿಟ್ಲು. ಒಳಗೆ ಎರಡು ವರ್ಷದ ಪುಟಾಣಿಗಳೆಲ್ಲ ಮ್ಯಾಟ್ ಮೇಲೆ ಸುತ್ತ ಕೂತಿದ್ವು. ಒಂದು ಮಗು ಪಕ್ಕದ ಮಗು ಕೈಯನ್ನ ತನ್ನೆರಡು ಅಂಗೈ ಮಧ್ಯೆ ಹಿಡ್ಕೊಳೋದು, ಬಿಡೋದು, ಆಮೇಲೆ ತನ್ನ ಬೆರಳ ತುದಿಗೆ ತಾನೇ 'ಪ್ಚ್' ಅಂತ ಮುತ್ತು ಕೊಟ್ಕೊಳೋದು. ಆ ಮಗು ಮುಂದಿನದಕ್ಕೆ, ಅದು ಅದರ ಮುಂದಿನದಕ್ಕೆ. ಮೂಗಲ್ಲಿ ಸಿಂಬಳ, ಕೈ ತುಂಬಾ ಬಾಳೆಹಣ್ಣು, ಮುಖದಲ್ಲಿ ಮಾತ್ರ ಮದುವೆಮನೆ ಹಿರಿಯರ ಗಾಂಭೀರ್ಯ!

ಇದನ್ನ ಶೋಷನಾ ನೋಡಿದ್ದು ಒಂದೇ ಒಂದು ಕಡೆ. ಮಹಾರಾಷ್ಟ್ರದ ಠಾಣೆ ಊರಲ್ಲಿ, ಅಜ್ಜಿ ಹೋಗ್ತಿದ್ದ ಸಿನಗಾಗ್‌ನಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ. ಪ್ರಾರ್ಥನೆ ಮುಗಿದ ಮೇಲೆ ಹಿರಿಯರಿಂದ ಶುರುವಾಗಿ, ಕೈಯಿಂದ ಕೈಗೆ, ಇಡೀ ಮಂದಿರ ಸುತ್ತಿ ಬರೋ ಮುತ್ತು. ಅಜ್ಜಿ ಅದನ್ನ ಮರಾಠಿಯಲ್ಲಿ ಹಾಥ್ ಬೋಶಿ, ಅಂದ್ರೆ ಕೈಮುತ್ತು, ಅಂತಿದ್ರು.

ಇಲ್ಲಿ, ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ, ನ್ಯಾಪಿ ಬದಲಾಯಿಸೋ ಟೇಬಲ್ ಪಕ್ಕದಲ್ಲಿ, ಅದೇ ನಡೀತಾ ಇದೆ!

ಶೋಷನಾ ಯಹೂದಿ ಅನ್ನೋದು ಆ ಸೆಂಟರ್‌ನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪಲ್ಲಿದ್ರು. ಮನೇಲಿ ಮರಾಠಿ, ಬೀದೀಲಿ ಕನ್ನಡ. ಅಡ್ಡಹೆಸರು ಚಿಂಚೋಳ್ಕರ್. ಕೇಳಿದವರೆಲ್ಲ 'ಓ, ಮಹಾರಾಷ್ಟ್ರ' ಅಂತ ತಾವೇ ತೀರ್ಮಾನ ಮಾಡ್ಕೊಂಡು ಸುಮ್ಮನಾಗ್ತಿದ್ರು. ಅವಳು ತಿದ್ದೋಕೆ ಹೋಗ್ತಿರಲಿಲ್ಲ. ವಿಮಾನ ಹತ್ತೋ ದಿನ ಅಮ್ಮ ಅವಳ ಕೈಯನ್ನ ತನ್ನ ತಲೆ ಮೇಲೆ ಇಟ್ಕೊಂಡು ಆಣೆ ಮಾಡಿಸಿದ್ರು. "ನಮ್ಮೋರಿಗೆ ಏನೇನಾಗ್ತಿದೆ ಅಂತ ದಿನಾ ನ್ಯೂಸ್ ನೋಡ್ತೀಯಲ್ಲ. ಯಾರ ಮನಸ್ಸಲ್ಲಿ ಏನಿದೆಯೋ. ಕೇಳಿದ್ರೆ ಮೈಸೂರು ಅನ್ನು. ಅದಕ್ಕಿಂತ ಒಂದಕ್ಷರ ಜಾಸ್ತಿ ಬೇಡ." ಕುತ್ತಿಗೆಯ ಆರು ಮೂಲೆ ಯಹೂದಿ ನಕ್ಷತ್ರದ ಪದಕ ಅಂದಿನಿಂದ ಸೂಟ್‌ಕೇಸಲ್ಲೇ ಮಲಗಿತ್ತು.

"ಏನೇ ಹಾಗೆ ನಿಂತ್ಬಿಟ್ಟೆ? ಒಳಗೆ ಬಾ, ಎಸಿ ಹೊರಗೆ ಹೋಗ್ತಿದೆ." ಕೃತಿ ಕೂಗಿದ್ಲು. ಕೃತಿನೂ ಮೈಸೂರಿನವಳೇ. ಇಬ್ಬರೂ ಒಂದೇ ಕೋರ್ಸು, ಒಂದೇ ಬಾಡಿಗೆ ಮನೆ, ಈಗ ಒಂದೇ ಟಾಡ್ಲರ್ ರೂಮು.

"ಕೃತಿ, ಇದು... ಇವ್ರಿಗೆ ಯಾರು ಹೇಳ್ಕೊಟ್ಟಿದ್ದು?"

"ಇದೊಳ್ಳೆ ಕತೆ ಆಯ್ತಲ್ಲ! ನೀನೇ ತಾನೇ? ಬೆಳಗ್ಗೆ ಬೆಳಗ್ಗೆ ಋತ್ವಿಕ್ ಅಳ್ತಿದ್ರೆ ಮಾಡ್ತೀಯಲ್ಲ, ಕೈ ಹಿಡ್ದು ಮುತ್ತು. ಅವನು ಆರ್ಚಿಗೆ ಕಲಿಸ್ದ, ಆರ್ಚಿ ಊರಿಗೆಲ್ಲ ಹಂಚಿದ. ಶುಕ್ರವಾರ ನೀನು ರಜಾ ಇದ್ಯಲ್ಲ, ರಿಲೀಫ್‌ಗೆ ಬಂದಿದ್ದ ಹುಡುಗಿ ವಿಡಿಯೋ ತೆಗ್ದು ಪೇರೆಂಟ್ಸ್ ಆ್ಯಪ್‌ಗೆ ಹಾಕಿದಾಳೆ. ನಿನ್ ಕೈಮುತ್ತು ಫುಲ್ ವೈರಲ್ಲು ಕಣೇ."

ತಾನು ಮಾಡ್ತಿದ್ದೀನಿ ಅಂತಲೇ ಶೋಷನಾಗೆ ಗೊತ್ತಿರಲಿಲ್ಲ! ಅಮ್ಮನ್ನ ಬಿಟ್ಟು ಬಿಕ್ಕಿ ಬಿಕ್ಕಿ ಅಳೋ ಮಗು ಕಂಡ್ರೆ ಕೈ ತಾನಾಗೇ ಮುಂದೆ ಹೋಗ್ತಿತ್ತು, ಅಜ್ಜಿ ಕೈ ಹೋಗ್ತಿದ್ದ ಹಾಗೆ. ಬಾಯಿಗೆ ಬೀಗ ಹಾಕಿದ್ಲು, ಕೈಗೆ ಹಾಕೋದು ಮರೆತೇ ಹೋಗಿತ್ತು.

ಅಷ್ಟರಲ್ಲಿ ಡೈರೆಕ್ಟರ್ ಡೆಬ್‌ಳಿಂದ ಬುಲಾವು. ಆಫೀಸಲ್ಲಿ ಐಪ್ಯಾಡ್ ಮೇಲೆ ಅದೇ ವಿಡಿಯೋ ಓಡ್ತಿತ್ತು. ಶನಿವಾರದಿಂದ ಟಾಡ್ಲರ್ ರೂಮಿನ ಐದಾರು ಮಕ್ಕಳಿಗೆ ಗ್ಯಾಸ್ಟ್ರೋ, ವಾಂತಿ-ಭೇದಿ. ಡೆಬ್ ಒಳ್ಳೆಯವಳೇ, ಆದ್ರೆ ಸೋಂಕು ಅಂದ್ರೆ ಪೊಲೀಸ್ ಆಗ್ಬಿಡ್ತಿದ್ಲು.

"ಬೆರಳು ಬಾಯಿಗೆ, ಬಾಯಿಂದ ಇನ್ನೊಂದು ಕೈಗೆ. ಗ್ಯಾಸ್ಟ್ರೋಗೆ ಇದಕ್ಕಿಂತ ಒಳ್ಳೇ ರಸ್ತೆ ಬೇಕಾ? ಇದು ಬರೀ ಆಟ ಆದ್ರೆ ನಾನು ನಿಂಗೆ ವಾರ್ನಿಂಗ್ ಕೊಡ್ಬೇಕಾಗತ್ತೆ, ಶೋಷನಾ. ಇಲ್ಲಾ ಇದು ನಿಮ್ಮ ಸಂಸ್ಕೃತೀನಾ? ಹಾಗಿದ್ರೆ ಹೇಳು, ಬೇರೆ ದಾರಿ ನೋಡೋಣ."

ಶೋಷನಾ ಬಾಯಿ ತೆಗೆದ್ಲು.

ಅಷ್ಟರಲ್ಲೇ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಕೃತಿ ಥಟ್ಟಂತ ಹೇಳ್ಬಿಟ್ಲು. "ಹೌದು ಡೆಬ್, ಸಂಸ್ಕೃತಿ! ಕರ್ನಾಟಕದ್ದು. ನಮ್ಮೂರಲ್ಲಿ ಎಲ್ರೂ ಮಾಡ್ತೀವಿ."

ಶೋಷನಾ ತಿರುಗಿ ನೋಡಿದ್ಲು. ಕೃತಿ ಕಣ್ಣು ಹೊಡೆದ್ಲು.

ಡೆಬ್ ಮುಖ ಒಂದೇ ಏಟಿಗೆ ಅರಳಿತು. "ಅಯ್ಯೋ, ಎಷ್ಟು ಚೆನ್ನಾಗಿದೆ! ಗ್ಯಾಸ್ಟ್ರೋ ಮುಗೀಲಿ. ಹಾರ್ಮನಿ ಡೇ ದಿನ ಹೇಗೂ ಎಲ್ಲಾ ಸಂಸ್ಕೃತಿಗಳ ಪ್ರದರ್ಶನ ಇದೆ, ನಿಮ್ಮ ಕನ್ನಡದ ಪೇರೆಂಟ್ಸ್ ಎಲ್ಲ ಸ್ಟೇಜ್ ಮೇಲೆ ಮಾಡಿ ತೋರಿಸ್ಲಿ. ಎಲ್ರೂ ಕೈ ತೊಳ್ಕೊಂಡೇ ಹತ್ತೋದು!"

ಹೊರಗೆ ಬಂದ ಕೂಡಲೇ ಶೋಷನಾ ಕೃತಿಯ ಭುಜ ಹಿಡಿದು ಅಲ್ಲಾಡಿಸಿದ್ಲು. "ಏನೇ ಮಾಡ್ದೆ ನೀನು?"

"ಕೆಲಸ ಉಳಿಸ್ದೆ. ಥ್ಯಾಂಕ್ಸ್ ಹೇಳೋದು ಬಿಟ್ಟು ಭೂತ ಕಂಡವಳ ಹಾಗೆ ನೋಡ್ತಾಳೆ. ಎರಡು ದಿನ ಹೋದ್ರೆ ಡೆಬ್ ಮರ್ತೇ ಹೋಗ್ತಾಳೆ ಬಿಡೇ."

ಮರೆಯೋದಾ? ಅವತ್ತೇ ಆರ್ವೋ, ಅಂದ್ರೆ ಮಧ್ಯಾಹ್ನ ಮೇಲೆ, ಪೇರೆಂಟ್ಸ್ ಮಕ್ಕಳನ್ನ ಕರ್ಕೊಂಡು ಹೋಗೋ ಹೊತ್ತಿಗೆ, ಡೆಬ್ ಬಾಗಿಲಲ್ಲೇ ಋತ್ವಿಕ್ ಅಮ್ಮ ಶ್ರೀಲಕ್ಷ್ಮಿನ ತಡೆದು ಎಲ್ಲಾ ಹೇಳಿದ್ಲು. ಶ್ರೀಲಕ್ಷ್ಮಿ ಕಣ್ಣು ಅಗಲ ಮಾಡ್ಕೊಂಡು ಪಕ್ಕದಲ್ಲೇ ಶೋಷನಾ ಜೊತೆ ನಿಂತಿದ್ದ ಕೃತಿ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ್ಲು.

"ಏನ್ರಮ್ಮಾ ಇದು? ಸೀರೆ ಉಟ್ಕೊಂಡು ಬಂದು ಕರ್ನಾಟಕದ ಕೈಮುತ್ತು ತೋರ್ಸು ಅಂತಾಳೆ. ನಾನು ಹುಟ್ಟಿದಾಗಿಂದ ಬೆಂಗಳೂರಲ್ಲೇ ಇದ್ದೋಳು, ಯಾವ ಕೈಮುತ್ತು? ನಮ್ಮತ್ತಿಗೆ ಉಷಾ ಪರ್ತ್‌ನಲ್ಲಿ, ಕ್ಯಾನಿಂಗ್ ವೇಲ್‌ನಲ್ಲಿದಾಳೆ. ವಿಡಿಯೋ ಕಳ್ಸಿದ್ದೆ. ಇದು ಯಾವೂರಿನ ಪದ್ಧತಿ ಅಂತ ಅವಳೂ ತಲೆ ಕೆರ್ಕೊಳ್ತಿದಾಳೆ!"

"ಅಕ್ಕಾ, ಸುಮ್ನೆ ಹೂಂ ಅಂದ್ಬಿಡಿ. ಪ್ಲೀಸ್. ಇಲ್ಲಾಂದ್ರೆ ಇವಳಿಗೆ ವಾರ್ನಿಂಗ್ ಬರತ್ತೆ," ಅಂತ ಕೃತಿ ಪಿಸುಗುಟ್ಟಿದ್ಲು.

ಶ್ರೀಲಕ್ಷ್ಮಿ ಪಾಪ, ಮನಸ್ಸು ಬೆಣ್ಣೆ. ಶೋಷನಾಳ ಬಿಳಚಿದ ಮುಖ ನೋಡಿದ್ಲು, ಡೆಬ್ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ ಶುರು ಹಚ್ಕೊಂಡೇಬಿಟ್ಲು. ಬೆರಳ ತುದೀಲಿ ಲಕ್ಷ್ಮಿ ಇರ್ತಾಳಂತೆ, ಅದಕ್ಕೇ ಅಲ್ಲಿ ಮುತ್ತಂತೆ, ಹಬ್ಬದ ದಿನ ಮುತ್ತೈದೆಯರು ಒಬ್ಬರಿಗೊಬ್ಬರು ಮಾಡ್ತಾರಂತೆ. ಹೇಳ್ತಾ ಹೇಳ್ತಾ ಅವಳಿಗೇ ನಂಬಿಕೆ ಬಂದ ಹಾಗಿತ್ತು. ಡೆಬ್ ತಲೆದೂಗ್ತಾ ಫೋನಲ್ಲಿ ಟೈಪ್ ಮಾಡ್ಕೊಳ್ತಿದ್ಲು. ಸುತ್ತ ನಾಲ್ಕೈದು ಪೇರೆಂಟ್ಸ್ 'ಹೌ ಲವ್ಲಿ' ಅಂತಿದ್ರು.

ಶೋಷನಾಗೆ ಆ ಸಿನಗಾಗ್ ನೆನಪಾಯ್ತು. ಅಜ್ಜಿಯ ತಣ್ಣಗಿನ ಕೈ, ಬಳೆ ಸದ್ದು, ಸಾಲಲ್ಲಿ ತನ್ನ ಸರದಿಗೆ ಕಾಯ್ತಿದ್ದ ತಾನು. ಅದೆಲ್ಲ ಕಣ್ಣೆದುರೇ ಬೇರೆಯವರ ಹೆಸರಿಗೆ ರಿಜಿಸ್ಟರ್ ಆಗ್ತಿತ್ತು. ಅಜ್ಜಿ ಈಗ ಇಲ್ಲ. ಆ ಕೈಗೆ ಈ ಊರಲ್ಲಿ ಸಾಕ್ಷಿ ಹೇಳೋಕೆ ಇವಳೊಬ್ಬಳೇ. ಸುಮ್ಮನಿದ್ರೆ ಕೆಲಸ ಉಳಿಯುತ್ತೆ, ಅಮ್ಮನ ಆಣೆ ಉಳಿಯುತ್ತೆ, ಆದ್ರೆ ಅಜ್ಜಿ?

"ಅಲ್ಲ," ಅಂದ್ಲು.

ಅವಳ ದನಿ ಅವಳಿಗೇ ಜೋರಾಗಿ ಕೇಳಿಸ್ತು. ಎಲ್ರೂ ತಿರುಗಿದ್ರು.

"ಅದು ಕರ್ನಾಟಕದ್ದಲ್ಲ. ನಮ್ಮದು. ನಮ್ಮ ಸಿನಗಾಗ್‌ನದು. ನಾನು ಯಹೂದಿ. ಡೆಬ್, ನೀನು ವಾರ್ನಿಂಗ್ ಕೊಡು. ಆದ್ರೆ ಅದನ್ನ ಬೇರೆ ಏನೋ ಅಂತ ಬರ್ಕೋಬೇಡ."

ಒಬ್ಬ ಅಪ್ಪ ಮಗುವಿನ ಬ್ಯಾಗ್ ಹೆಗಲಿಗೆ ಏರಿಸ್ಕೊಂಡು, ಇವಳ ಕಡೆ ನೋಡದೆ ಹೊರಟುಹೋದ. ಆತುರ ಇತ್ತೋ, ಬೇರೆ ಏನಿತ್ತೋ, ದೇವರಿಗೇ ಗೊತ್ತು.

ಶ್ರೀಲಕ್ಷ್ಮಿ ಬಾಯಿ ಮೇಲೆ ಕೈ ಇಟ್ಕೊಂಡ್ಲು. "ಅಯ್ಯೋ ದೇವ್ರೇ, ನಾನು ಲಕ್ಷ್ಮೀನ ಎಳ್ಕೊಂಡು ಬಂದ್ನಲ್ಲೇ! ಮೊದ್ಲೇ ಒಂದು ಮಾತು ಹೇಳೋಕಾಗಿಲ್ವೇನೇ ಹುಡುಗಿ?"

ಡೆಬ್ ಟೈಪ್ ಮಾಡಿದ್ದನ್ನೆಲ್ಲ ಅಳಿಸಿದ್ಲು. "ಹಾಗಾದ್ರೆ ಸ್ಟೇಜ್ ಮೇಲೆ ನೀನೇ ಹೇಳ್ಬೇಕು. ನಿಂಗೆ ಇಷ್ಟ ಇದ್ರೆ ಮಾತ್ರ."

"ಫೋಟೋ ಬೇಡ. ಹೊರಗೆ ಬೋರ್ಡಲ್ಲಿ ನನ್ನ ಹೆಸರೂ ಬೇಡ."

ಡೆಬ್ ಯಾಕೆ ಅಂತ ಕೇಳೋಕೆ ಹೋಗಿ, ಅರ್ಥವಾಗಿ, ಬಾಯಿ ಮುಚ್ಕೊಂಡ್ಲು. "ಸರಿ," ಅಂದ್ಲು ಮೆಲ್ಲಗೆ. "ವಾರ್ನಿಂಗ್ ಏನೂ ಇಲ್ಲ. ಸೋಪು ಮಾತ್ರ."

ಕೃತಿ ಅಷ್ಟೊತ್ತಿಗಾಗಲೇ ಬ್ಯಾಗ್ ತಗೊಂಡು ಗೇಟು ದಾಟಿದ್ಲು. ಶೋಷನಾ ಓಡಿಹೋಗಿ ಸ್ಟೇಷನ್ ದಾರೀಲಿ ಹಿಡಿದ್ಲು. ಕೃತಿ ಕಣ್ಣು ಕೆಂಪಾಗಿತ್ತು. ಯಾರ್ಯಾರಿಗೋ ಹೆದರಿದ್ದ ಶೋಷನಾಗೆ, ಇವಳು ಅಳಬಹುದು ಅಂತ ಕನಸಲ್ಲೂ ಹೊಳೆದಿರಲಿಲ್ಲ.

"ಒಂದೇ ಮನೇಲಿ ಇದೀವಿ ಕಣೇ. ನನ್ ಬಾಯ್‌ಫ್ರೆಂಡ್ ವಿಷಯ ನಮ್ಮಮ್ಮಂಗೆ ಗೊತ್ತಿಲ್ಲ, ನಿಂಗೆ ಗೊತ್ತು. ನಾನೇನು ಮೈಕ್ ಹಿಡ್ದು ಸಾರ್ತಿದ್ನಾ?"

"ಅಮ್ಮ ಆಣೆ ಹಾಕಿಸಿದ್ರು. ಭಯ ಆಗಿತ್ತು."

"ನನ್ನ ಕಂಡ್ರೂನಾ?"

ಶೋಷನಾ ಸುಳ್ಳು ಹೇಳ್ಲಿಲ್ಲ. "ಎಲ್ರ ಕಂಡ್ರೂ."

ಕೃತಿ ತೋಳಲ್ಲಿ ಮೂಗು ಒರೆಸ್ಕೊಂಡು ಸ್ವಲ್ಪ ದೂರ ನಡೆದ್ಲು. ಆಮೇಲೆ ತಿರುಗದೇನೇ ಹೇಳಿದ್ಲು. "ಹಾರ್ಮನಿ ಡೇ ದಿನ ಸ್ಟೇಜ್ ಮೇಲೆ ಒಬ್ಳೇ ನಿಂತ್ಕೋಬೇಡ. ಪಕ್ಕದಲ್ಲಿ ನಾನಿರ್ತೀನಿ. ಇವತ್ತು ಮಾತ್ರ ನನ್ ಹತ್ರ ಮಾತಾಡ್ಬೇಡ."

ಶೋಷನಾ ಎರಡು ಹೆಜ್ಜೆ ಹಿಂದೆ ಉಳ್ಕೊಂಡು, ಅವಳ ಜೊತೇಲೇ ನಡೆದ್ಲು.